ಏಳನೇ ಮಿಷನ್ನಿನ ‘ಅಡ್ಡಿಲ್ಲ’

ನನ್ನ ಕಪಾಟಿನಲ್ಲಿ ಸೀರೆಗಳ ಅಡಿಗೆ ಒಂದು ಪ್ರಮಾಣಪತ್ರ ಮುಖ ಕೆಳಗೆ ಮಾಡಿಕೊಂಡು ಬಿದ್ದಿದೆ. ‘ನಿರಂತರ ಸುಧಾರಣೆಯಲ್ಲಿ ಅತ್ಯುತ್ತಮ ತಂಡ ನಾಯಕಿ’ ಎಂದು ಅದರ ಮೇಲೆ ಬಂಗಾರದ ಬಣ್ಣದಲ್ಲಿ ಅಚ್ಚಾಗಿದೆ. ಕಾರವಾರದ ಒಂದು ಹೋಟೆಲ್ಲಿನ ಹಾಲ್‌ನಲ್ಲಿ, ಏಸಿಯ ತಣ್ಣಗಿನ ಗಾಳಿಗೆ ಸೆರಗು ಬಿಗಿ ಹೊದ್ದುಕೊಂಡು, ಅದನ್ನು ನಾನು ನಗುತ್ತಲೇ ತೆಗೆದುಕೊಂಡೆ. ಹರಿದು ಒಲೆಗೆ ಹಾಕಬೇಕೆಂದು ಎಷ್ಟೋ ಸಲ ಹೊರಗೆ ತೆಗೆದಿದ್ದೇನೆ, ಹರಿದಿಲ್ಲ. ಹರಿದರೆ ಸಿಟ್ಟು ಸ್ವಲ್ಪ ಇಳಿದೀತು. ಇಳಿಯುವುದು ನನಗೆ ಬೇಡ.

ಈಗ ನಾನು ಬೆಳಿಗ್ಗೆ ಯಾರನ್ನೂ ‘ಮಿಷನ್ ಹೇಗಿದೆ’ ಎಂದು ಕೇಳುವುದಿಲ್ಲ. ಒಂದೊಂದೇ ಸ್ಟೂಲಿನ ಮೇಲೆ ಕೂತು ನಾನೇ ಪೆಡಲ್ ತುಳಿದು ನೋಡುತ್ತೇನೆ. ಹೊಸ ಮ್ಯಾನೇಜರರಿಗೆ ಇದು ವೇಳೆ ಹಾಳು ಮಾಡುವ ಚಟವಾಗಿ ಕಾಣುತ್ತದೆ. ಕಾಣಲಿ. ಈ ಚಟ ಯಾವ ತರಬೇತಿಯಿಂದಲೂ ಬಂದದ್ದಲ್ಲ ಎಂಬುದನ್ನು ಒಮ್ಮೆ ನೆಟ್ಟಗೆ ಬರೆದಿಡಬೇಕು ಎನಿಸಿತು, ಅದಕ್ಕೇ ಕೂತಿದ್ದೇನೆ.

ನಮ್ಮದು ಗೇರು ಬೀಜದ ಕಾರ್ಖಾನೆ. ಅಂಕೋಲೆಯಿಂದ ಸುಂಕಸಾಳದ ಕಡೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದ ಮೇಲೆ ಸಿಗುತ್ತದೆ. ಬೀಜ ಒಡೆಯುವ ವಿಭಾಗದಲ್ಲಿ ನಾವು ಹೆಂಗಸರೇ. ಆವಿಯಲ್ಲಿ ಬೇಯಿಸಿದ ಬೀಜವನ್ನು ಎರಡು ಬ್ಲೇಡಿನ ನಡುವೆ ಇಟ್ಟು, ಕಾಲಲ್ಲಿ ಪೆಡಲ್ ತುಳಿದು, ಕೈಯಲ್ಲಿ ಹಿಡಿಕೆ ಎತ್ತಿದರೆ ಸಿಪ್ಪೆ ಬಾಯಿ ಬಿಡುತ್ತದೆ. ಸಿಪ್ಪೆಯ ಎಣ್ಣೆ ತಾಗಿದರೆ ಚರ್ಮ ಸುಡುತ್ತದೆ. ಅದಕ್ಕೆ ಕೈಗೆಲ್ಲ ತೆಂಗಿನೆಣ್ಣೆ ಹಚ್ಚಿಕೊಂಡು ಕೂರುತ್ತೇವೆ. ನಾನು ಹನ್ನೊಂದು ವರ್ಷ ಹೀಗೆ ಕೂತಿದ್ದವಳು. ಆಮೇಲೆ ನನ್ನನ್ನು ಎಬ್ಬಿಸಿ, ಎದೆಗೊಂದು ಬಿಲ್ಲೆ ಚುಚ್ಚಿ, ‘ತಂಡ ನಾಯಕಿ’ ಮಾಡಿದರು.

ಬಿಲ್ಲೆ ಬಂದ ತಿಂಗಳಲ್ಲೇ ಪುಣೆಯಿಂದ ಒಬ್ಬ ತರಬೇತುದಾರರು ಬಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಒಳ್ಳೆಯ ಮನುಷ್ಯ. ನಮ್ಮ ಮೀನು ಸಾರು ಉಂಡು ಕಣ್ಣಲ್ಲಿ ನೀರು ಹಾಕಿಕೊಂಡೂ ಮತ್ತೆ ಬಡಿಸಿಕೊಂಡವರು. ದಿನಕ್ಕೊಂದು ಸಣ್ಣ ಸುಧಾರಣೆ ಮಾಡಿ, ನಾಯಕರು ಮಾತಾಡುವುದಕ್ಕಿಂತ ಹೆಚ್ಚು ಕೇಳಿಸಿಕೊಳ್ಳಬೇಕು, ಕೆಲಸ ಗೊತ್ತಿರುವುದು ಕೆಲಸ ಮಾಡುವವಳಿಗೇ ಎಂದೆಲ್ಲ ಹಿಂದಿಯಲ್ಲಿ ನಿಧಾನಕ್ಕೆ ಬಿಡಿಸಿ ಹೇಳಿದರು. ನನಗೆ ನಿಜಕ್ಕೂ ಖುಷಿಯಾಗಿತ್ತು. ಅಷ್ಟು ವರ್ಷದಲ್ಲಿ ನಮಗೂ ಏನೋ ಗೊತ್ತಿದೆ ಎಂದು ಹೇಳಿದ ಮೊದಲ ಪ್ಯಾಂಟಿನ ಮನುಷ್ಯ ಅವರು.

ಅವರು ಗೋಡೆಗೆ ಒಂದು ಬೋರ್ಡ್ ಹಾಕಿಸಿದರು. ಪ್ರತಿ ಮಿಷನ್ನಿಗೆ ಒಂದು ಸಣ್ಣ ಚೌಕ. ಕೆಲಸ ಶುರುವಾಗುವ ಮೊದಲು ಎಲ್ಲರೂ ನಿಂತು ಹತ್ತು ನಿಮಿಷ ಮಾತಾಡಬೇಕು. ನಾಯಕಿ ಒಬ್ಬೊಬ್ಬರನ್ನೂ ಮಿಷನ್ ಹೇಗಿದೆ ಎಂದು ಕೇಳಬೇಕು. ಸರಿ ಇದ್ದರೆ ಹಸಿರು ಕಾರ್ಡ್, ತೊಂದರೆ ಇದ್ದರೆ ಕೆಂಪು.

ಮೊದಲ ದಿನ ಅವರೇ ಪಕ್ಕದಲ್ಲಿ ನಿಂತಿದ್ದರು. ನಾನು ಕೇಳುತ್ತ ಹೋದೆ. ಒಂದನೇ ಮಿಷನ್, ಅಡ್ಡಿಲ್ಲ. ಎರಡನೇ ಮಿಷನ್, ಅಡ್ಡಿಲ್ಲ. ಮೂರು, ನಾಲ್ಕು, ಎಲ್ಲರದ್ದೂ ಅಡ್ಡಿಲ್ಲ. ಇದು ಏನು ಪದ ಎಂದು ಅವರು ನಮ್ಮ ಮ್ಯಾನೇಜರರನ್ನು ಕೇಳಿದರು. ಮ್ಯಾನೇಜರ್ ಕಾರವಾರದವರು, ಮನೆಯಲ್ಲಿ ಕೊಂಕಣಿ, ಆಫೀಸಿನಲ್ಲಿ ಇಂಗ್ಲಿಷು, ನಮ್ಮ ಹತ್ತಿರ ಮಾತ್ರ ಕನ್ನಡ. ಅವರು ಪದವನ್ನು ಎರಡು ತುಂಡು ಮಾಡಿ ವಿವರಿಸಿದರು. ಅಡ್ಡಿ ಅಂದರೆ ತೊಂದರೆ, ಇಲ್ಲ ಅಂದರೆ ಇಲ್ಲ. ಯಾವ ತೊಂದರೆಯೂ ಇಲ್ಲ ಅಂತ ಅರ್ಥ. ತರಬೇತುದಾರರು ಸಂತೋಷದಿಂದ ತಲೆಯಾಡಿಸಿದರು. ಬೋರ್ಡಿಗೆ ಸಾಲಾಗಿ ಹಸಿರು ಬಿತ್ತು.

ನಾನು ಅಲ್ಲೇ ಇದ್ದೆ. ಮುಸಿಮುಸಿ ನಕ್ಕೆ. ತಿದ್ದಲಿಲ್ಲ.

ಅಂಕೋಲೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ ನೋಡಿ. ಬಂಗಡೆ ಸಾರು ಹೇಗಾಗಿದೆ ಎಂದರೆ ‘ಅಡ್ಡಿಲ್ಲ’, ಅಂದರೆ ಚೆನ್ನಾಗಿದೆ, ಹೊಗಳಿದರೆ ನಿಮಗೆ ಜಂಬ ಬರುತ್ತದೆ ಎಂದು ಹೇಳುತ್ತಿಲ್ಲ. ಮಗಳನ್ನು ನೋಡಲು ಬಂದ ಗಂಡು ಹೇಗೆ ಎಂದರೆ ‘ಅಡ್ಡಿಲ್ಲ’, ಅಂದರೆ ಇನ್ನೆರಡು ಕಡೆ ವಿಚಾರಿಸೋಣ. ಜ್ವರ ಹೇಗಿದೆ ಎಂದರೆ ‘ಅಡ್ಡಿಲ್ಲ’, ಅಂದರೆ ಸತ್ತಿಲ್ಲ, ಹೆಚ್ಚು ಕೇಳಬೇಡ. ‘ಡ್ಡಿ’ಯ ಮೇಲೆ ಎಷ್ಟು ಒತ್ತು ಬಿತ್ತು, ‘ಲ್ಲ’ ಎಷ್ಟು ಉದ್ದ ಎಳೆಯಿತು, ಹೇಳುವಾಗ ಮುಖ ಯಾವ ಕಡೆ ತಿರುಗಿತ್ತು ಎಂಬುದರಲ್ಲಿ ಅರ್ಥ ಇರುತ್ತದೆ. ಪದವನ್ನು ತುಂಡು ಮಾಡಿ ನೋಡಿದರೆ ಸಿಗುವುದಿಲ್ಲ. ಮ್ಯಾನೇಜರರಿಗೆ ಇದು ತಿಳಿಯದಿದ್ದರೆ ಅದು ಅವರ ಹಣೆಬರಹ. ನನಗೆ ತಿಳಿದಿತ್ತು. ನನ್ನ ಎದೆಯ ಮೇಲೆ ಬಿಲ್ಲೆ ಇದ್ದದ್ದು ಅದಕ್ಕೇ.

ಮೊದಮೊದಲು ನಾನು ಪ್ರಾಮಾಣಿಕಳಾಗಿಯೇ ಇದ್ದೆ. ಬಾಯಲ್ಲಿ ಅಡ್ಡಿಲ್ಲ ಅಂದರೂ ದನಿ ಬೇರೆ ಹೇಳುತ್ತಿದ್ದರೆ ಕೆಂಪು ಕಾರ್ಡ್ ಹಾಕುತ್ತಿದ್ದೆ. ಎರಡು ಸಲ ಹಾಕಿದೆ. ಎರಡನೇ ಸಲ ಮ್ಯಾನೇಜರ್ ನನ್ನನ್ನು ಬೋರ್ಡಿನ ಮುಂದೆಯೇ ನಿಲ್ಲಿಸಿಕೊಂಡರು.

“ನೋಡಿ, ಬೇರೆ ಎಲ್ಲಾ ಸಾಲು ಹಸಿರು. ನಿಮ್ಮದೊಂದೇ ಕೆಂಪು. ಮೇಲಿನವ್ರು ದಿನಾ ಬೋರ್ಡಿನ ಫೋಟೋ ಕೇಳ್ತಾರೆ. ನಾನು ಎಂತ ತೋರಿಸ್ಲಿ?”

“ಮಿಷನ್ ಸರಿ ಇಲ್ಲ ಸರ್.”

“ಅವ್ರೇ ಅಡ್ಡಿಲ್ಲ ಅಂದ್ರಲ್ಲ. ನಿಮಗೆ ಎಂತಕ್ಕೆ ಉಸಾಬರಿ?”

ಎಲ್ಲರೂ ಕೇಳುವಂತೆ ಹೇಳಿದರು. ನನಗೆ ಅವಮಾನವಾಯಿತು. ಹಿಂದೆ ಕೂತ ಹೆಂಗಸರು ಕೈ ನಿಲ್ಲಿಸಿ ನೋಡುತ್ತಿದ್ದರು. ಮರುದಿನದಿಂದ ಯಾರು ಅಡ್ಡಿಲ್ಲ ಅಂದರೂ ನಾನು ಹಸಿರು ಹಾಕಿದೆ. ಅವರ ಬಾಯಿಂದ ಬಂದ ಮಾತು, ನನ್ನದೇನು ತಪ್ಪು ಎಂಬ ಸಮಾಧಾನ ಬೇರೆ. ಇಂಥ ಸಮಾಧಾನವನ್ನು ಮನುಷ್ಯ ಎಷ್ಟು ಬೇಗ ರೂಢಿ ಮಾಡಿಕೊಳ್ಳುತ್ತಾನೆ ಎಂಬುದನ್ನು ಯಾವ ನಾಯಕತ್ವದ ತರಬೇತಿಯಲ್ಲೂ ಹೇಳುವುದಿಲ್ಲ.

ಆದರೂ ಏನೋ ಚುಚ್ಚುತ್ತಿರಬೇಕು. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೆ. ಮಗಳ ಶಾಲೆಯ ಹಳೇ ಪುಸ್ತಕ, ಹಿಂದಿನ ಖಾಲಿ ಹಾಳೆಗಳಿಂದ ಶುರು ಮಾಡಿದ್ದು. ಬೆಳಿಗ್ಗೆ ಯಾರು ಏನೆಂದರೋ ಅದನ್ನು ಅವರ ಬಾಯಿಂದ ಬಂದಂತೆಯೇ ಅದರಲ್ಲಿ ಗೀಚಿಕೊಳ್ಳುತ್ತಿದ್ದೆ. ಆಮೇಲೆ ಬೋರ್ಡಿಗೆ ಹೋಗಿ ಹಸಿರು ಸಿಕ್ಕಿಸುತ್ತಿದ್ದೆ.

ಏಳನೇ ಮಿಷನ್ನಿನಲ್ಲಿ ಕೂರುತ್ತಿದ್ದವಳು ಮಂಜಗುಣಿಯ ಅಕ್ಕ. ನನಗೆ ರಕ್ತಸಂಬಂಧವೇನಲ್ಲ. ನಾನು ಮೊದಲ ಸಲ ಕಾರ್ಖಾನೆಗೆ ಬಂದಾಗ ಬೀಜವನ್ನು ಯಾವ ಮಗ್ಗುಲಾಗಿ ಇಟ್ಟರೆ ತಿರುಳು ಇಡಿಯಾಗಿ ಬರುತ್ತದೆ ಎಂದು ಕಲಿಸಿದವಳು ಅವಳು. ಊರಲ್ಲಿ ಸ್ವಲ್ಪ ಗದ್ದೆ, ಗಂಡ ಕೂಲಿಗೆ ಹೋಗುತ್ತಾನೆ. ವರ್ಷವಿಡೀ ನಂಬುವಂಥದ್ದು ಇವಳ ಈ ಕೆಲಸ ಒಂದೇ. ಇಡಿ ತಿರುಳು ತೆಗೆಯುವುದರಲ್ಲಿ ನಮ್ಮಲ್ಲಿ ಯಾರೂ ಅವಳ ಹತ್ತಿರಕ್ಕೂ ಬರುತ್ತಿರಲಿಲ್ಲ. ಅದರ ಬಗ್ಗೆ ಅವಳಿಗೆ ಬಿಗುಮಾನವೂ ಇತ್ತು. ಒಡೆದ ತಿರುಳು ಬಂದರೆ ಯಾರಿಗೂ ಕಾಣದಂತೆ ಕೈಯಲ್ಲಿ ಮುಚ್ಚಿಕೊಳ್ಳುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಅವಳ ಸಾಲು ಹೀಗಿದೆ. ಮೊದಲು ಬರೀ ‘ಅಡ್ಡಿಲ್ಲ.’ ಕೆಲವು ದಿನ ಬಿಟ್ಟು ‘ಅಡ್ಡಿಲ್ಲಾ’, ದೀರ್ಘ ನಾನೇ ಹಾಕಿದ್ದೇನೆ. ಆಮೇಲೆ, ‘ಅಡ್ಡಿಲ್ಲ ತಂಗೀ, ಕಾಲ್ ಬಿಟ್ರೂ ಹಿಂದೆ ಸರೂಕೆ ಸ್ವಲ್ಪ ತಡ ಮಾಡ್ತದೆ, ಅಷ್ಟೇಯ.’ ಮತ್ತೆರಡು ದಿನಕ್ಕೆ, ‘ಅಡ್ಡಿಲ್ಲ, ಬೀಜ ಸಿಕ್ಕಂಡ್ರೆ ಬೆರಳ್ ಹಾಕಿ ಬಿಡಸ್ಕಂತೆ.’ ಇದಕ್ಕಿಂತ ಸ್ಪಷ್ಟವಾಗಿ ಒಬ್ಬ ಹೆಂಗಸು ಇನ್ನು ಹೇಗೆ ಹೇಳಬೇಕು? ಪೆಡಲಿನ ಸ್ಪ್ರಿಂಗ್ ಸತ್ತಿದೆ, ಬ್ಲೇಡ್ ತೆರೆದುಕೊಳ್ಳುತ್ತಿಲ್ಲ, ನಾನು ಬ್ಲೇಡಿನ ನಡುವೆ ಬೆರಳು ಹಾಕುತ್ತಿದ್ದೇನೆ ಎಂದಳು. ನಾನು ಅದನ್ನು ಚೆಂದವಾಗಿ ಬರೆದುಕೊಂಡೆ. ಎದ್ದು ಹೋಗಿ ಹಸಿರು ಕಾರ್ಡ್ ಹಾಕಿದೆ.

ಅದಾಗಿ ಮೂರನೇ ದಿನ, ಬೆಳಗಿನ ಚಹಾ ಕುಡಿದು ಎಲ್ಲರೂ ಮತ್ತೆ ಕೂತ ಹೊತ್ತಿಗೆ, ಅವಳ ಎಡಗೈಯ ತೋರುಬೆರಳಿನ ತುದಿ ಹೋಯಿತು. ಅವಳು ಬಲಗೈಯಲ್ಲಿ ಎಡಗೈ ಹಿಡಿದುಕೊಂಡು ಎದ್ದು ನಿಂತಳು. ಗಾಯಕ್ಕೆ ಸಿಪ್ಪೆಯ ಎಣ್ಣೆ ಇಳಿದಿತ್ತು, ಅದರ ಉರಿ ಎಂಥದ್ದು ಎಂದು ನಮಗೆಲ್ಲ ಗೊತ್ತು. ನಾನು ಓಡಿಹೋಗಿ ಅವಳ ಕೈಗೆ ನನ್ನ ಸೆರಗು ಸುತ್ತಿದೆ. ರಿಕ್ಷಾದಲ್ಲಿ ನನ್ನ ಹೆಗಲಿಗೆ ತಲೆ ಕೊಟ್ಟು ಕೂತಿದ್ದಳು. ದಾರಿಯುದ್ದಕ್ಕೂ ಒಂದೇ ಮಾತು ಕೇಳಿದಳು, ಬುಟ್ಟಿಯಲ್ಲಿದ್ದ ಅವಳ ತಿರುಳಿಗೆಲ್ಲ ರಕ್ತ ಬಿತ್ತೇ ಎಂದು.

ನಾಲ್ಕು ದಿನಕ್ಕೆ ‘ಐದು ಯಾಕೆ’ ಸಭೆ ನಡೆಯಿತು. ಏನಾದರೂ ತಪ್ಪಾದರೆ ಐದು ಸಲ ಯಾಕೆ ಎಂದು ಕೇಳುತ್ತ ಹೋಗಬೇಕು, ಆಗ ಮೂಲ ಕಾರಣ ಸಿಗುತ್ತದೆ ಎಂದು ತರಬೇತುದಾರರು ಕಲಿಸಿ ಹೋಗಿದ್ದರು. ಅದಕ್ಕೊಂದು ಅಚ್ಚು ಹಾಕಿದ ಹಾಳೆ ಇದೆ. ಮ್ಯಾನೇಜರ್ ತುಂಬುತ್ತ ಹೋದರು. ಬೆರಳು ಯಾಕೆ ತುಂಡಾಯಿತು? ಬ್ಲೇಡಿನ ನಡುವೆ ಇತ್ತು. ಯಾಕೆ ಇತ್ತು? ಸಿಕ್ಕಿಕೊಂಡ ಬೀಜ ಬಿಡಿಸುತ್ತಿದ್ದರು. ಬೀಜ ಯಾಕೆ ಸಿಕ್ಕಿಕೊಂಡಿತು? ಸ್ಪ್ರಿಂಗ್ ಸಡಿಲವಾಗಿ ಬ್ಲೇಡ್ ತೆರೆಯುತ್ತಿರಲಿಲ್ಲ. ಸ್ಪ್ರಿಂಗ್ ಯಾಕೆ ಬದಲಿಸಿರಲಿಲ್ಲ? ದೋಷ ಗಮನಕ್ಕೆ ಬಂದಿರಲಿಲ್ಲ. ಯಾಕೆ ಬಂದಿರಲಿಲ್ಲ?

ಮ್ಯಾನೇಜರ್ ತಲೆಯೆತ್ತಿ ನನ್ನನ್ನು ನೋಡಿದರು. ನಾನು ಮೇಜನ್ನು ನೋಡಿದೆ. ಅವರು ಬರೆದರು: ‘ಕಾರ್ಮಿಕರು ತಿಳಿಸಿರಲಿಲ್ಲ. ಪ್ರತಿದಿನ ಅಡ್ಡಿಲ್ಲ ಎಂದಿದ್ದಾರೆ. ಮೂಲ ಕಾರಣ: ಕಾರ್ಮಿಕರ ನಿರ್ಲಕ್ಷ್ಯ.’ ಆರನೇ ಯಾಕೆಗೆ ಆ ಹಾಳೆಯಲ್ಲಿ ಜಾಗ ಇರಲಿಲ್ಲ. ಅದರ ಕೆಳಗೆ ಸುಧಾರಣಾ ಕ್ರಮ ಎಂಬ ಚೌಕ. ಅಲ್ಲಿ ‘ತೊಂದರೆ ತಿಳಿಸುವ ಬಗ್ಗೆ ಕಾರ್ಮಿಕರಿಗೆ ತರಬೇತಿ’ ಎಂದು ಬರೆದು ಹಾಳೆಯನ್ನು ನನ್ನ ಕಡೆ ತಳ್ಳಿದರು. ನನ್ನ ಚೀಲದಲ್ಲಿ ನೋಟ್‌ಬುಕ್ ಇತ್ತು. ಕಾಲಿನ ಹತ್ತಿರವೇ ಇತ್ತು, ಬೆರಳಿಗೆ ತಾಗುತ್ತಿತ್ತು. ನಾನು ಸಹಿ ಹಾಕಿದೆ.

ಆ ಒಂದು ಸಾಲಿನ ಅರ್ಥ ಏನೆಂದು ಗೊತ್ತಿದ್ದೇ ಹಾಕಿದೆ. ನಮ್ಮಲ್ಲಿ ನಿರ್ಲಕ್ಷ್ಯ ಎಂದು ಒಮ್ಮೆ ಫೈಲಿಗೆ ಬಿದ್ದವರನ್ನು ಮತ್ತೆ ಒಳಗೆ ಕರೆಯುವುದಿಲ್ಲ. ಗಾಯ ಮಾಗಿದ ಮೇಲೂ ಅಕ್ಕನಿಗೆ ಕೆಲಸವಿಲ್ಲ. ಮುಂದಿನ ವಾರ ಏಳನೇ ಮಿಷನ್ ಒರೆಸಿ ತೊಳೆದು, ಬೇಲೇಕೇರಿ ಕಡೆಯಿಂದ ಹೊಸದಾಗಿ ಬಂದ ಒಬ್ಬಳನ್ನು ಕೂರಿಸಿದರು.

ಒಂದು ಭಾನುವಾರ ಅಕ್ಕನನ್ನು ನೋಡಲು ಮಂಜಗುಣಿಗೆ ಹೋದೆ. ಜಗುಲಿಯ ಮೇಲೆ ಕೂತು ಒಂದೇ ಕೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಕಟ್ಟು ಹಾಕಿದ ಕೈಯನ್ನು ತೊಡೆಯ ಮೇಲೆ ಬೇರೆಯವರದ್ದೆಂಬಂತೆ ಇಟ್ಟುಕೊಂಡಿದ್ದಳು. ಹೊಳೆ ಕಡೆಯ ಗಾಳಿ ಬರುತ್ತಿತ್ತು. ಚಹಾ ಕೊಟ್ಟಳು, ಬೇಡವೆಂದರೂ ಅವಲಕ್ಕಿ ಹಾಕಿದಳು. ಆಮೇಲೆ ಕೇಳಿದಳು.

“ಕಾಗ್ದದ್ ಮೇಲೆ ಯಂತಾ ಬರ್ದ್ರೆ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ನೀ ತಿಳಿಸ್ಲಿಲ್ಲಾ ಅಂತ ಬರ್ದಾರೆ ಅಕ್ಕಾ. ಅಡ್ಡಿಲ್ಲ ಅಂತೇ ಹೇಳ್ತಿದ್ದೆ ಅಂತ.”

“ನೀ ಸೈ ಹಾಕ್ದ್ಯ?”

“ಹಾಕ್ದೆ.”

ಅವಳು ಬೆಳ್ಳುಳ್ಳಿ ಸಿಪ್ಪೆಯನ್ನು ಅಂಗಳದ ಕಡೆ ಊದಿದಳು. “ಅಡ್ಡಿಲ್ಲ” ಎಂದಳು.

ಆ ಅಡ್ಡಿಲ್ಲಕ್ಕೆ ಯಾವ ಕಾರ್ಡ್ ಹಾಕಬೇಕಿತ್ತೋ ನನಗೆ ಗೊತ್ತಿಲ್ಲ. ಬಸ್ಸಿಗೆ ನಡೆಯುವಾಗ ಮೈಯೆಲ್ಲ ಉರಿಯುತ್ತಿತ್ತು. ಮ್ಯಾನೇಜರರ ಮೇಲೆ, ಬೋರ್ಡಿನ ಮೇಲೆ, ದಿನಾ ಫೋಟೋ ನೋಡುವ ಆ ಮೇಲಿನವರ ಮೇಲೆ. ಅವರು ಯಾರೆಂದು ನಾನು ಇವತ್ತಿಗೂ ಕಂಡಿಲ್ಲ. ನನ್ನ ಮೇಲಿನ ಸಿಟ್ಟನ್ನೂ ಅವರೆಲ್ಲರಿಗೇ ಹಂಚಿ ಹಾಕಿದೆ, ಆಗ ಸ್ವಲ್ಪ ಹಗುರವೆನಿಸಿತು.

ಸೋಮವಾರ ಹೋಗಿ ಮ್ಯಾನೇಜರರಿಗೆ ಆ ಪದದ ಅರ್ಥ ಬಿಡಿಸಿ ಹೇಳಿದೆ. ಸಾರಿನ ಅಡ್ಡಿಲ್ಲ, ಜ್ವರದ ಅಡ್ಡಿಲ್ಲ, ಎಲ್ಲ ಹೇಳಿದೆ. ಹಸಿರಿಗೂ ಕೆಂಪಿಗೂ ನಡುವೆ ಇನ್ನೊಂದು ಬಣ್ಣ ಬೇಕು ಸರ್ ಎಂದೆ. ಅವರ ಕಣ್ಣು ಅರಳಿತು. ಕೂರಿಸಿ ಚಹಾ ತರಿಸಿದರು. ಅಕ್ಕನ ಹಾಳೆಯ ವಿಷಯ ಎತ್ತಿದಾಗ ಮಾತ್ರ “ಅದು ಮುಗ್ದ ಫೈಲು, ಅದನ್ನ ಎಂತಕ್ಕೆ ಕೆದಕ್ತೀರಿ” ಎಂದರು. ವಾರದೊಳಗೆ ಹಳದಿ ಕಾರ್ಡ್ ಅಚ್ಚಾಗಿ ಬಂತು, ಪ್ಲಾಸ್ಟಿಕ್ ಹೊದಿಕೆ ಹಾಕಿದ್ದು. ಮೇಲೆ ದಪ್ಪ ಅಕ್ಷರದಲ್ಲಿ ‘ಅಡ್ಡಿಲ್ಲ’. ಬೆಳಿಗ್ಗೆ ಯಾರು ಅಡ್ಡಿಲ್ಲ ಅಂದರೂ ಹಳದಿ. ಬೋರ್ಡ್ ತುಂಬ ಶೇವಂತಿಗೆ ಸುರಿದ ಹಾಗೆ ಕಾಣುತ್ತಿತ್ತು. ಫೋಟೋ ತೆಗೆದು ಕಳಿಸಿದರು, ಮೇಲಿನವರಿಗೆ ಬಹಳ ಇಷ್ಟವಾಯಿತಂತೆ.

ಕಾರವಾರದ ಸಮಾರಂಭ ನಡೆದದ್ದು ಇದಕ್ಕೇ. ಪರದೆಯ ಮೇಲೆ ಮೊದಲಿನ ಬೋರ್ಡ್, ಈಗಿನ ಬೋರ್ಡ್ ತೋರಿಸಿದರು. ಸ್ಥಳೀಯ ಭಾಷೆಯ ಸೂಕ್ಷ್ಮ ಅರಿತ ನಾಯಕಿ ಎಂದು ನನ್ನನ್ನು ಕರೆದರು. ತಂಡಗಳು ಇದರಿಂದ ಕಲಿಯಬೇಕಾದ ಪಾಠಗಳನ್ನು ಮ್ಯಾನೇಜರ್ ಬೆರಳು ಮಡಚಿ ಮಡಚಿ ಎಣಿಸಿದರು. ಅವರ ತೋರುಬೆರಳನ್ನೇ ನೋಡುತ್ತ ನಿಂತಿದ್ದೆ. ಅಕ್ಕನ ವಿಷಯ ಒಂದಕ್ಷರ ಬರಲಿಲ್ಲ. ಚಪ್ಪಾಳೆ ಬಿತ್ತು. ನಾನು ನಕ್ಕೆ, ಫೋಟೋ ತೆಗೆದರು, ಊಟದಲ್ಲಿ ಐಸ್‌ಕ್ರೀಮ್ ಕೂಡ ತಿಂದೆ. ನಾಚಿಕೆಗೆಟ್ಟವಳು ಎಂದು ನೀವು ಬೈಯುವ ಮೊದಲು ನಾನೇ ಬೈದುಕೊಂಡಿದ್ದೇನೆ.

ವಾಪಸ್ ಬರುವ ಬಸ್ಸಿನಲ್ಲಿ ಪ್ರಮಾಣಪತ್ರವನ್ನು ಮಡಚಬಾರದೆಂದು ಚೀಲದಲ್ಲಿ ನೋಟ್‌ಬುಕ್ಕಿನ ನಡುವೆ ಇಡಲು ಹೋದೆ. ಇಟ್ಟ ಪುಟದಲ್ಲೇ ಇತ್ತು: ‘ಬೆರಳ್ ಹಾಕಿ ಬಿಡಸ್ಕಂತೆ.’ ನನ್ನದೇ ಅಕ್ಷರ. ಅಂಕೋಲೆ ಬರುವವರೆಗೂ ಆ ಸಾಲನ್ನೇ ಓದಿದೆ. ಪಕ್ಕದಲ್ಲಿ ಕೂತ ಹೆಂಗಸು ಯಂತಾ ಆಯ್ತು ತಂಗೀ ಎಂದು ಕೇಳುವಷ್ಟು ಅತ್ತಿದ್ದೆ.

ಮರುದಿನ ಬೋರ್ಡಿನ ಕೆಲಸ ಮುಗಿಸಿದವಳೇ ಮ್ಯಾನೇಜರರ ಕೋಣೆಗೆ ಹೋಗಿ ನೋಟ್‌ಬುಕ್ಕನ್ನು ಅವರ ಮೇಜಿನ ಮೇಲೆ ಬಿಚ್ಚಿಟ್ಟೆ.

“ಅವಳು ತಿಳಿಸಿದ್ಲು ಸರ್. ತಾರೀಕು ಸಮೇತ ಉಂಟು. ಆ ಸಾಲು ಹೊಡೀರಿ.”

ಅವರು ಓದಿದರು. ಮತ್ತೆ ಓದಿದರು. ಬಾಗಿಲು ಮುಚ್ಚಲು ಹೇಳಿದರು. “ಇದ್ರಿಂದ ನಿಮಗೇ ತ್ರಾಸು, ಗೊತ್ತುಂಟಲ್ಲ?”

“ಗೊತ್ತುಂಟು.”

“ಮತ್ತೆ ಮೂಲ ಕಾರಣ ಅಂತ ಎಂತ ಬರೀಲಿ? ಖಾಲಿ ಬಿಡೂಕೆ ಬರೂದಿಲ್ಲ.”

“ನನ್ನ ಹೆಸರು ಬರೀರಿ. ಕೆಂಪು ಹಾಕ್ಬೇಡ ಅಂದೋರ ಹೆಸರೂ ಕೆಳಗೆ ಬರೀರಿ.”

ಅಷ್ಟು ದಿನ ಒಳಗೆ ಕುದಿದದ್ದೆಲ್ಲ ಆವತ್ತು ಹೊರಗೆ ಬಂತು. ಕೆಲಸ ಗೊತ್ತಿರುವುದು ಕೆಲಸ ಮಾಡುವವಳಿಗೆ ಎಂದು ಗೋಡೆಗೆ ಬರೆಸುತ್ತೀರಿ, ಅವಳು ಹೇಳಿದರೆ ನಿಮ್ಮ ಫೋಟೋ ಕೆಡುತ್ತದೆ ಎಂದೆ. ನಿಮ್ಮ ಬೋರ್ಡ್ ಸುಧಾರಿಸಿತು, ಅವಳ ಕೈ ಹೋಯಿತು ಎಂದೆ. ದನಿ ಹೊರಗಿನ ಸಾಲಿಗೂ ಕೇಳಿಸಿರಬೇಕು, ಪೆಡಲುಗಳ ಸದ್ದು ನಿಂತಿತ್ತು. ಅವರು ಬೆವರು ಒರೆಸಿಕೊಂಡು ಬೇರೆ ಹಾಳೆ ತೆಗೆದರು. ‘ತಂಡ ನಾಯಕಿಯ ನಿರ್ಲಕ್ಷ್ಯ’ ಎಂದು ಬರೆದರು. ನಿನ್ನೆಯಷ್ಟೇ ಪ್ರಮಾಣಪತ್ರ ಕೊಟ್ಟವಳನ್ನು ಕೆಲಸದಿಂದ ತೆಗೆಯುವ ಹಾಗಿರಲಿಲ್ಲ. ಕೆಳಗೆ ಇನ್ನೊಂದು ಹೆಸರು ಬರಲಿಲ್ಲ. ಬರುವುದಿಲ್ಲವೆಂದು ನನಗೂ ಗೊತ್ತಿತ್ತು. ಆದರೆ ಅಕ್ಕನ ಸಾಲು ಹೋಯಿತು. ಗಾಯ ಮಾಗಿದ ಮೇಲೆ ತಿರುಳು ಆರಿಸುವ ಗ್ರೇಡಿಂಗ್ ವಿಭಾಗಕ್ಕೆ ಬರಲಿ ಎಂದು ಅವರ ಕೈಯಿಂದಲೇ ಚೀಟಿ ಬರೆಸಿಕೊಂಡು ಹೊರಗೆ ಬಂದೆ. ಹೆಂಗಸರು ನನ್ನನ್ನೇ ನೋಡುತ್ತಿದ್ದರು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ಈಗ ನಾನು ನಾಯಕಿ ಅನಿಸಿತು.

ಅರ್ಧ ದಿನ ರಜೆ ಹಾಕಿ ಮಧ್ಯಾಹ್ನವೇ ಮಂಜಗುಣಿಗೆ ಹೋದೆ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಕಟ್ಟು ಬಿಚ್ಚಿದ್ದರು. ಗಿಡ್ಡವಾದ ಬೆರಳು ಹಗ್ಗ ಹಿಡಿಯಲು ಹೋಗಿ ಹಿಡಿಯದೆ ಜಾರುತ್ತಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಹೇಗೆ ಮೇಜಿನ ಮೇಲೆ ನೋಟ್‌ಬುಕ್ ಇಟ್ಟೆ, ಏನೇನು ಬೈದೆ, ಅವರ ಮುಖ ಹೇಗಾಯಿತು, ನಿನ್ನ ಸಾಲು ಹೊಡೆಸಿ ನನ್ನ ಹೆಸರು ಹೇಗೆ ಬರೆಸಿದೆ. ಚೀಟಿಯನ್ನೂ ಕೊಟ್ಟೆ. ಅವಳು ಚೀಟಿಯನ್ನು ಓದದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ನಿನ್ ಹೆಸ್ರ್ ಕಟ್ಕಂಡು ನಾ ಯಂತಾ ಮಾಡ್ಲೆ?” ಎಂದಳು. ಸಿಟ್ಟಿನಿಂದಲ್ಲ, ಕೇಳಬೇಕಾದ್ದನ್ನು ಕೇಳುವಂತೆ. ಬಕೆಟ್ಟಿನಿಂದ ಇನ್ನೊಂದು ಬಟ್ಟೆ ತೆಗೆದು ಕೊಡವಿದಳು. “ಸ್ಪ್ರಿಂಗ್ ಹಾಕಿದ್ರ?”

ಸ್ಪ್ರಿಂಗಿನ ಮಾತನ್ನು ನಾನು ಆ ಕೋಣೆಯಲ್ಲಿ ಎತ್ತಿಯೇ ಇರಲಿಲ್ಲ.

“ಅಲ್ಲಿ ಈಗ ಯಾರಾರೂ ಕೂತ್ಕಂತ್ರನೆ?” ಎಂದು ಅಕ್ಕ ಕೇಳಿದಳು.

ಕೂರುತ್ತಿದ್ದಳು. ಬೇಲೇಕೇರಿ ಕಡೆಯವಳು. ಆ ದಿನ ಬೆಳಿಗ್ಗೆಯೂ ಅವಳು ಅಡ್ಡಿಲ್ಲ ಅಂದಿದ್ದಳು. ನಾನು ಏಳನೇ ಮಿಷನ್ನಿನ ಚೌಕಕ್ಕೆ ಹಳದಿ ಕಾರ್ಡ್ ಸಿಕ್ಕಿಸಿ ಬಂದಿದ್ದೆ.